ಎಡಗೈ ರೊಟ್ಟಿ

ಮೂರನೆಯ ರೊಟ್ಟಿ ಇನ್ನೂ ಅಂಗೈಯಗಲ ಆಗಿತ್ತಷ್ಟೇ, ಕ್ಯಾಮೆರಾ ರಿಂಗಾಗತೊಡಗಿತು.

ಕ್ಯಾಮೆರಾ ಅಂದರೆ ಪವಿಯ ಮೊಬೈಲೇ. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕಿಟಕಿಯ ಬೆಳಕು ಒಂದೇ ಮಗ್ಗುಲಿಂದ ಬೀಳುವ ಹಾಗೆ ನಿಲ್ಲಿಸಿ, ಗದ್ದದ ಮೇಲಿನದೇನೂ ಕಾಣದ ಹಾಗೆ ಹೊಂದಿಸುವಷ್ಟರಲ್ಲಿ ಅರ್ಧ ತಾಸು ಹೋಗಿತ್ತು. ಹೊಗೆಗೆ ಚೀರುವ ಛಾವಣಿಯ ಅಲಾರಮ್ಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ಬೇರೆ ತೊಡಿಸಿದ್ದಳು. ಇಷ್ಟೆಲ್ಲ ಆದಮೇಲೆ ಈಗ ಪರದೆಯಲ್ಲಿ ಅವಳ ಬರಿದೋಳು, ಬಳೆ, ಹಿಟ್ಟು ಮೆತ್ತಿದ ಕೈ ಎಲ್ಲ ಮಾಯವಾಗಿ 'ಸಂತೋಷಕುಮಾರ' ಎಂಬ ಹೆಸರು ಕುಣಿಯುತ್ತಿತ್ತು.

ಸಂತೋಷಕುಮಾರ ಅಂದರೆ ತಂಗಿ ರಚನಾಳ ಗಂಡ. ರಾಣೆಬೆನ್ನೂರಿನವನು, ಡಾರ್ಮ್‌ಸ್ಟಾಟ್ ಎಂಬ ಜರ್ಮನ್ ಊರಿನಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಇಂಜಿನಿಯರು. ಮದುವೆಯಾಗಿ ಮೂರು ವರ್ಷವಾದರೂ ಅವನು ಪವಿಯನ್ನು ಏನೆಂದೂ ಕರೆದದ್ದಿಲ್ಲ. ಭಾವ ಅನ್ನೋಣವೆಂದರೆ ಅವಳು ಭಾವ ಅಲ್ಲ, ಅಕ್ಕಾರ ಅನ್ನಲು ಅವನ ನಾಲಿಗೆ ಹೊರಳದು. 'ಅಲ್ರೀ', 'ನೋಡ್ರಿ' ಅಂತಲೇ ಮೂರು ವರ್ಷ ತಳ್ಳಿದ್ದ. ಜಾಣ ಮನುಷ್ಯ.

ಪವಿ ಬೆರಳಿನ ಗಿಣ್ಣಿನಿಂದ ಸ್ಪೀಕರ್ ಒತ್ತಿದಳು. "ಹೇಳ್ರಿ ಸಂತೋಷ್. ರಚನಾ ಹೆಂಗದಾಳ?"

"ಆಕಿ ಅರಾಮದಾಳ. ಅಲ್ರೀ, ಒಂದ್ ಮಾತ್ ಹೇಳೂದಿತ್ತು. ಬರೂ ಶನಿವಾರ ಕುಬಸಕ್ಕ ನೀವು ಬರೂದು ಬ್ಯಾಡ."

ಎಷ್ಟು ಸಲೀಸಾಗಿ ಅಂದುಬಿಟ್ಟ! ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ತವರಿನವರು ಬಂದು ಉಡಿ ತುಂಬುವುದಕ್ಕೇ ಕುಬಸ ಅನ್ನುವುದು. ತವರಿನವರೇ ಬೇಡ ಅಂದರೆ ಅದೆಂಥ ಕುಬಸ? ಅವ್ವ ತೀರಿಹೋಗಿ ಆರು ವರ್ಷ. ಗುಳೇದಗುಡ್ಡದಲ್ಲಿ ರವಿಕೆ ಖಣದ ಅಂಗಡಿ ಇಟ್ಟಿರುವ ಅಪ್ಪ ಸಿದ್ದರಾಮಪ್ಪ, ಮಗ ಪವನ ಹೋಗಿ ಮಗಳು ಪವಿ ಬಂದ ದಿನದಿಂದ ಆ ಹೆಸರನ್ನೇ ಎತ್ತುತ್ತಿಲ್ಲ. ಕಿರಿಯ ಮಗಳ ಕುಬಸಕ್ಕೂ ಮೊಣಕಾಲು ನೋವೆಂದು ಕೈತೊಳೆದುಕೊಂಡಿದ್ದ. ಹೀಗಾಗಿ ರಚನಾಳಿಗೆ ತವರು ಅಂತ ಉಳಿದದ್ದು ಡ್ರೆಸ್ಡೆನ್ನಿನ ಈ ಒಂದು ಕೋಣೆ. ಪವಿಗೆ ನನ್ನವರು ಅಂತ ಉಳಿದದ್ದು ರಚನಾ ಒಬ್ಬಳು. ಅದಕ್ಕೇ ಇವನು ಕೈ ಹಾಕಿದ್ದ.

"ಯಾಕ ಬ್ಯಾಡ?"

"ಹೆಂಗ್ ಹೇಳ್ಲಿ... ನಮ್ಮ ಕನ್ನಡ ಬಳಗದಾಗ ಒಬ್ರು ನಿಮ್ಮ ವಿಡಿಯೋ ನೋಡ್ಯಾರ. ನಾಳೆ ಎಲ್ಲಾರ ಮುಂದ ಅದು ಇದು ಮಾತ್ ಬರ್ತೈತಿ. ನಮ್ಮವ್ವ ಬಂದಾಳ ಊರಿಂದ. ಬಸುರಿ ಹೆಂಗಸು ಮನ್ಯಾಗ."

"ಯಾರ್ರಿ ನೋಡಿದವರು?"

"ಯಾರರ ಆಗ್ಲಿ ಬಿಡ್ರಿ."

"ಯಾರರ ಹೆಂಗಾದೀತು? ನನ್ನ ವಿಡಿಯೋದಾಗ ಮಾರೀನ ಕಾಣಂಗಿಲ್ಲ. ನಾನ ಅಂತ ಹೆಂಗ್ ಗುರ್ತ್ ಹಿಡದ್ರು ಅವರು?"

"ರೊಟ್ಟಿ ವಿಡಿಯೋ ಐತೆಲ್ರಿ. ಎಡಗೈಲೆ ಬಡಿತೀರಲ್ಲ, ಅದರ ಮ್ಯಾಲೆ. ನೋಡ್ರಿ, ಯಾರೂ ನಿಮಗ ಜುಲ್ಮಿ ಮಾಡಿಲ್ಲ. ನೀವ ಕ್ಯಾಮೆರಾ ಇಟಗೊಂಡು, ನೀವ ತಗದು, ನೀವ ಹಾಕ್ತೀರಿ. ಹಂಗಾದಮ್ಯಾಲೆ ಅದರದ್ದೇನೈತಿ ಅದನ್ನ ನೀವ ಅನುಭವಿಸಬೇಕಲ್ಲ. ರಚನಾಗ ನಾ ಹೇಳ್ತೀನಿ, ಡ್ಯೂಟಿ ಬಂತಂತ ಅಂತ." ಫೋನು ಇಟ್ಟ.

ಪವಿ ಮುಂದಿದ್ದ ರೊಟ್ಟಿಯನ್ನು ಮುದ್ದೆ ಮಾಡಿ ಒಗೆದಳು.

ತಾನು ಮಾಡುತ್ತಿದ್ದುದರ ಬಗ್ಗೆ ಅವಳಿಗೇನೂ ನಾಚಿಕೆ ಇರಲಿಲ್ಲ. ಇಲ್ಲಿಗೆ ಓದಲು ಬಂದು, ಹೆಣ್ಣಾಗಲು ಹೊರಟ ವರ್ಷಗಳಲ್ಲಿ ಅವಳನ್ನು ನೋಡದವರು ಯಾರು? ಡಾಕ್ಟರು ನೋಡಿದರು, ಮನಸ್ಸಿನ ಡಾಕ್ಟರು ನೋಡಿದರು, ಕಚೇರಿ ಕಚೇರಿಯಲ್ಲಿ ಪಾಸ್‌ಪೋರ್ಟಿನ ಫೋಟೋವನ್ನೂ ಅವಳ ಮೋರೆಯನ್ನೂ ತಿರುಗಿ ತಿರುಗಿ ನೋಡಿದರು, ಮನೆ ಬಾಡಿಗೆಗೆ ಕೊಡುವವರು ಬಾಗಿಲ ಸಂದಿಯಲ್ಲೇ ನೋಡಿ ಕಳಿಸಿದರು. ಎಲ್ಲರೂ ತಮಗೆ ಬೇಕಾದಷ್ಟು ಹೊತ್ತು, ಬೇಕಾದ ಕಡೆ ನೋಡಿದರು. ಆಮೇಲೆ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ತಲೆಯಿಂದ ಕಾಲಿನ ತನಕ ಬಿಳಿ ಚೀಲ ತೊಟ್ಟುಕೊಂಡು ಕಣ್ಣು ಮಾತ್ರ ಬಿಟ್ಟುಕೊಂಡು ನಿಲ್ಲಬೇಕು. ಹಾಗೆ ನಿಂತು ನಿಂತು ಒಂದು ದಿನ ಮನೆಗೆ ಬಂದವಳು, ಮೊಬೈಲನ್ನು ಪುಸ್ತಕಕ್ಕೆ ಒರಗಿಸಿ, ತನ್ನ ಬೆನ್ನನ್ನು ತಾನೇ ತೆಗೆದುಕೊಂಡು ನೋಡಿದ್ದಳು. ಎಲ್ಲಿ ಶುರು, ಎಲ್ಲಿಗೆ ಸಾಕು ಎನ್ನುವುದು ತನ್ನ ಕೈಯಲ್ಲಿ. ಅದೊಂದು ಹೊಸ ರುಚಿಯಾಗಿತ್ತು.

ಈಗ ಎರಡು ವರ್ಷದಿಂದ ತಿಂಗಳ ಚಂದಾ ಕಟ್ಟಿದವರಿಗಾಗಿ ವಿಡಿಯೋ ಹಾಕುತ್ತಿದ್ದಳು. ಇನ್ನೊಬ್ಬರು ಕ್ಯಾಮೆರಾ ಹಿಡಿದು ಹಂಗ ತಿರುಗು ಹಿಂಗ ತಿರುಗು ಅನ್ನುವ ಸ್ಟುಡಿಯೋಗಳಿಂದ ಅವಳಿಗೂ ಕರೆ ಬಂದಿತ್ತು, ಹೋಗಿರಲಿಲ್ಲ. ಆಡುವವಳೂ ತಾನೇ, ತೆಗೆಯುವವಳೂ ತಾನೇ, ದೀಪ ಹಿಡಿಯುವವಳೂ ತಾನೇ. ಮೈ ತೋರಿಸುವ ವಿಡಿಯೋ ಇದ್ದವು, ತಂಗಿಗೆ ತೋರಿಸಲಾರದಂಥವೂ ಇದ್ದವು. ತಾನು ಇಂಥದು ಮಾಡುತ್ತೇನೆ ಎಂದು ಮಾತ್ರ ರಚನಾಳಿಗೆ ಹೇಳಿದ್ದಳು. ಆದರೆ ಎಲ್ಲಕ್ಕಿಂತ ಜನ ಮತ್ತೆ ಮತ್ತೆ ಕೇಳುತ್ತಿದ್ದುದು ಯಾವುದನ್ನು ಅಂತೀರಿ? ತೋಳಿಲ್ಲದ ರವಿಕೆ ತೊಟ್ಟು, ತನ್ನ ಪಾಡಿಗೆ ತಾನು ಕನ್ನಡದಲ್ಲಿ ಗುಣುಗುಡುತ್ತ, ಜೋಳದ ರೊಟ್ಟಿ ಬಡಿಯುವುದನ್ನು. ಎಲ್ಲೆಲ್ಲಿಯ ಗಂಡಸರೋ ಅದಕ್ಕೆ ಬಾಯಿ ಬಿಡುತ್ತಿದ್ದರು. ಮೊದಮೊದಲು ಅವಳಿಗೇ ನಗು ಬರುತ್ತಿತ್ತು.

ಅವರಲ್ಲಿ ಒಬ್ಬ 'ಕಡಕ್‌ರೊಟ್ಟಿ' ಎಂದು ಹೆಸರಿಟ್ಟುಕೊಂಡಿದ್ದ. ಎಲ್ಲರೂ ಇಂಗ್ಲಿಷಿನಲ್ಲಿ, ಕೆಲವರು ಕೊಳಕಾಗಿ ಬರೆದರೆ ಇವನು ಕನ್ನಡದಲ್ಲಿ, ನೀವು ತಾವು ಅಂತ ಬರೆಯುತ್ತಿದ್ದ. 'ನಾನು ಸ್ಟುಡಿಯೋದವರು ಮಾಡಿಸಿದ್ದನ್ನು ನೋಡುವುದಿಲ್ಲ. ನಿಮ್ಮಂಥವರು ಯಾರ ಹಂಗೂ ಇಲ್ಲದೆ, ಒಬ್ಬರೇ, ತಮ್ಮ ಇಷ್ಟಕ್ಕೆ ತೆಗೆದದ್ದನ್ನು ಮಾತ್ರ ಹುಡುಕಿ ಆರಿಸಿಕೊಳ್ಳುತ್ತೇನೆ. ನಿಮ್ಮ ಮನಸ್ಸಿಗೆ ಒಲ್ಲದ್ದನ್ನು ನಾನು ನೋಡಬಾರದು' ಎಂದು ಒಮ್ಮೆ ಬರೆದಿದ್ದ. ಇನ್ನೊಮ್ಮೆ, ರೊಟ್ಟಿಯ ಸಪ್ಪಳ ಕೇಳಿ ಕಣ್ಣೀರು ಬಂತು ಎಂದಿದ್ದ. ಆ ಮಾತಿಗೆ ಪವಿ ಕರಗಿಹೋಗಿದ್ದಳು, ನಿಜ ಹೇಳಬೇಕೆಂದರೆ. ಇಷ್ಟು ಜನ ನೋಡುವವರಲ್ಲಿ ಒಬ್ಬನಾದರೂ ಮನುಷ್ಯನಿದ್ದಾನಲ್ಲ ಎಂದುಕೊಂಡಿದ್ದಳು. ಮಾರ್ಚ್ ತಿಂಗಳಲ್ಲಿ ಅವನು ಹೇಳದೆ ಕೇಳದೆ ಚಂದಾ ನಿಲ್ಲಿಸಿದಾಗ, ಏನಾಯಿತೋ ಪಾಪ ಎಂದು ಬೇಜಾರು ಬೇರೆ ಮಾಡಿಕೊಂಡಿದ್ದಳು.

ಹಿಟ್ಟು ಒಣಗುತ್ತಿತ್ತು. ಎಡಗೈಲೆ ಬಡಿತೀರಲ್ಲ, ಅದರ ಮ್ಯಾಲೆ ಗುರ್ತು ಹಿಡದರು... ಪವಿ ಕೈಯನ್ನೇ ನೋಡಿಕೊಂಡಳು. ಕೆಂಡದ ಕಲೆ ಇಲ್ಲ, ಮಚ್ಚೆ ಇಲ್ಲ. ವಿಡಿಯೋದಲ್ಲಿ ಕಂಡ ಎಡಗೈಯನ್ನು ಪವಿಯ ಎಡಗೈ ಎನ್ನಬೇಕಾದರೆ ಪವಿ ರೊಟ್ಟಿ ಬಡಿಯುವುದನ್ನು ಎದುರಿಗೆ ನಿಂತು ನೋಡಿರಬೇಕು. ಡಾರ್ಮ್‌ಸ್ಟಾಟ್‌ನ ಬಳಗದವರು ಎಲ್ಲಿ ನೋಡಿದರು? ಅವಳು ಅವರ ಯುಗಾದಿಗೆ ಹೋದವಳಲ್ಲ, ರಾಜ್ಯೋತ್ಸವಕ್ಕೆ ಹೋದವಳಲ್ಲ. ಆ ಊರಿನಲ್ಲಿ ಅವಳು ಹಿಟ್ಟಿಗೆ ಕೈ ಹಾಕಿದ್ದು ಒಂದೇ ಸಲ, ಮಾರ್ಚ್‌ನಲ್ಲಿ, ರಚನಾಳಿಗೆ ಬಿಸಿರೊಟ್ಟಿಯ ಬಯಕೆಯಾಗಿ ಕರೆಸಿಕೊಂಡಿದ್ದಾಗ. ಮನೆಯಲ್ಲಿ ಇದ್ದವರು ಮೂವರು. ಸಂತೋಷಕುಮಾರ ಆಫೀಸಿನಿಂದ ಬಂದವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಫೋನ್ ಕಾಲ್ ಐತಿ ಎಂದು ಹೇಳಿ ಊಟ ಮಾಡದೆ ಹೊರಟುಹೋಗಿದ್ದ. ನನ್ನ ಕೈಯ ರೊಟ್ಟಿ ಅಂದರೆ ಇವನಿಗೆ ಹೇಸಿಗೆ ಎಂದು ಅಂದು ಪವಿ ತುತ್ತು ನುಂಗಲಾರದೆ ಕುಳಿತಿದ್ದಳು.

"ಎಲಾ ಮಗನ!" ಎಂದಳು ಗಟ್ಟಿಯಾಗಿ. ಕಡಕ್‌ರೊಟ್ಟಿ ಚಂದಾ ನಿಲ್ಲಿಸಿದ್ದು ಅದೇ ರಾತ್ರಿ.

ಎಂಥ ಸಿಟ್ಟು ಬಂತು! ನೋಡಿದನಲ್ಲ ಎಂದು ಅಲ್ಲ; ನೋಡಲಿ ಎಂದೇ ಮಾಡಿದ್ದು. ಬೇಕಾದಾಗ ಹುಡುಕಿ ಆರಿಸಿಕೊಂಡದ್ದನ್ನು ಮನೆಯ ಹೊಸ್ತಿಲಿಗೆ ಬಂದಾಗ ಹೊಲಸು ಅಂದನಲ್ಲ, ಅದಕ್ಕೆ. ಯಾರ ಹಂಗೂ ಇಲ್ಲದೆ ನೀವೇ ತೆಗೆದದ್ದು ಎಂದು ಹೊಗಳಿದ ಬಾಯಲ್ಲೇ ನೀವೇ ತೆಗೆದದ್ದಲ್ಲವೇ, ಅನುಭವಿಸ್ರಿ ಎಂದನಲ್ಲ, ಅದಕ್ಕೆ. ಬಳಗದಲ್ಲಿ ಒಬ್ಬರಂತೆ! ಆ ಒಬ್ಬರು ಬೆಳಗ್ಗೆ ಎದ್ದು ಇವನದೇ ಕನ್ನಡಿಯಲ್ಲಿ ಹಲ್ಲುಜ್ಜುತ್ತಿರಬೇಕು.

ಸಂಜೆ ರಚನಾಳೇ ಫೋನು ಮಾಡಿದಳು. "ಅಕ್ಕ, ಇವರು ನಿನಗ ಡ್ಯೂಟಿ ಬಂದೈತಿ ಅನ್ನಾಕತ್ತಾರ. ಖರೇ ಏನು?"

"ಇಲ್ಲ. ಬರತೀನಿ."

"ನೀ ಬರದಿದ್ರ ನಾ ಕುಬಸಕ್ಕ ಕೂಡಂಗಿಲ್ಲ ನೋಡು. ಉಡಿ ತುಂಬೂದಾದ್ರ ನಿನ್ನ ಕೈಲೇನ. ಖಣ ಬಂತ?"

"ಬಂತು," ಎಂದಳು ಪವಿ. ಖಣದ ಅಂಗಡಿಯವನ ಮಗಳು, ಅದೇ ಪೇಟೆಯ ಇನ್ನೊಂದು ಅಂಗಡಿಯಿಂದ ಪೋಸ್ಟಿನಲ್ಲಿ ತರಿಸಿಕೊಂಡಿದ್ದಳು.

* * *

ಶನಿವಾರ ಡಾರ್ಮ್‌ಸ್ಟಾಟ್ ಸ್ಟೇಷನ್ನಿನಲ್ಲಿ ಇಳಿದಾಗ ಸಂತೋಷಕುಮಾರ ಪ್ಲಾಟ್‌ಫಾರ್ಮಿನ ಮೇಲೇ ನಿಂತಿದ್ದ. ಇಸ್ತ್ರಿ ಮಾಡಿದ ಜುಬ್ಬಾ, ಅದರ ಮೇಲೆ ಜಾಕೆಟ್ಟು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಪವಿಯ ಒಂದು ಕೈಯಲ್ಲಿ ಸೀರೆ ಖಣಗಳ ಚೀಲ, ಇನ್ನೊಂದರಲ್ಲಿ ರೊಟ್ಟಿ ಬುತ್ತಿಯ ಡಬ್ಬ.

"ಬರಬ್ಯಾಡ ಅಂದಿದ್ನಲ್ರಿ."

"ಬಂದೀನಿ."

"ರಚನಾ ಹಟ ಹಿಡದ್ಲು, ಖರೆ. ಆದ್ರ ನೀವು ತಿಳಿವಳಿಕಿ ಇದ್ದವರು. ವಾಪಸ್ ಟಿಕೆಟ್ ತೆಗದೀನಿ, ನೋಡ್ರಿ. ಗಾಡಿ ತಪ್ಪಿತು ಅಂತ ಆಕಿಗೆ ಹೇಳಿದ್ರಾತು. ಈ ಸಾಮಾನು ನಾ ಮುಟ್ಟಸ್ತೀನಿ." ಮೊಬೈಲನ್ನು ಮುಂದೆ ಚಾಚಿದ.

ಪವಿ ಟಿಕೆಟ್ಟಿನ ಕಡೆ ನೋಡಲಿಲ್ಲ. "ಕಡಕ್‌ರೊಟ್ಟಿಯವರ," ಎಂದಳು, "ಅರಾಮದೀರಿ?"

ಅವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವಳು ಒಮ್ಮೆ ತಿರುಗಿ ನೋಡಿ ಮುಂದೆ ಹೋದಳು.

"ನೀವ ಅಂತ ನನಗ ಗೊತ್ತಿರ್ಲಿಲ್ರಿ," ಎಂದ ಕೊನೆಗೆ. ದನಿ ಕೆಳಗಿಳಿದಿತ್ತು. "ನನ್ನ ಆಣಿ ಗೊತ್ತಿರ್ಲಿಲ್ಲ. ಗೊತ್ತಾದ ದಿನಾನ ಬಿಟ್ಟೆ. ನಾ ಕಂಡಕಂಡದ್ದ ನೋಡಾಂವಲ್ರಿ, ನೀವ ಓದೀರಲ್ಲ ನಾ ಬರದದ್ದು. ಒಬ್ಬರ ಕೂತು, ಯಾರ ಜುಲ್ಮಿನೂ ಇಲ್ದ, ತಾವ ತಗದದ್ದು ಎಲ್ಲೈತಿ ಅಂತ ಹುಡಿಕಿ ಆರಿಸ್ಕೊಂಡೆ. ಮರ್ಯಾದಿ ಬಿಟ್ಟು ಒಂದ್ ಅಕ್ಷರ ಬರದೀನೇನು?"

"ಇಲ್ಲಪಾ, ಬರದಿಲ್ಲ. ಸಂತ್ಯಾಗ ಬದನೀಕಾಯಿ ಒತ್ತಿ ಒತ್ತಿ ನೋಡಿ ಆರಿಸ್ತಾರಲ್ಲ, ಹಂಗ ಆರಿಸ್ಕೊಂಡಿ. ಹುಳಾ ಇಲ್ಲದ್ದ ಸಿಕ್ತು. ಮತ್ತ ಮನಿಗೆ ಬಂದ್ರ ಏನ್ ಧಾಡಿ?"

"ನೀವು ರಚನಾನ..." ಎಂದು ತಡವರಿಸಿದ. ಈಗಲೂ ಆ ಒಂದು ಶಬ್ದ ಅವನ ಬಾಯಿಂದ ಹೊರಡಲಿಲ್ಲ. "ನೀವು ಮನಿಯವರಾದ್ರಿ."

"ನಾ ಅಲ್ದ ಬ್ಯಾರೆ ಯಾರದರ ಅಕ್ಕ ಆಗಿದ್ರ ನಡೀತಿತ್ತು. ಹೌದಿಲ್ಲೋ?"

ಅವನು ಹಳಿಯ ಕಡೆ ನೋಡಿದ.

"ಕೇಳಿಲ್ಲಿ. ನೀ ನೋಡಿದ್ದಕ್ಕ ನನಗ ಸಿಟ್ಟಿಲ್ಲ. ನೀ ಬರದಿದ್ದ ಓದಿ ನನಗ ಖುಷಿನೂ ಆಗಿತ್ತು, ಅದನ್ನೂ ಹೇಳಿಬಿಡ್ತೀನಿ. ಆದ್ರ ನೋಡಿದಾಂವ ಬಸುರಿ ಹೆಂಡ್ತಿ ಮಗ್ಗಲದಾಗ ಜುಬ್ಬಾ ಹಾಕ್ಕೊಂಡು ಕೂಡ್ತಾನಂತ, ತೋರಿಸಿದಾಕಿ ಸ್ಟೇಷನ್ನಿಂದನ ವಾಪಸ್ ಹೋಗಬೇಕಂತ. ಇದ್ಯಾವ ನ್ಯಾಯಲೇ? ಮ್ಯಾಲೆ ಬಳಗದವರ ಹೆಸರ ಹೇಳ್ತಿ! ನಾ ಅವರನ್ನ ಕಂಡಿಲ್ಲ, ಉಂಡಿಲ್ಲ. ಪಾಪ, ಅವರ ತಲಿ ಮ್ಯಾಲೆ ಯಾಕ ಹೊರಸ್ತಿ?"

"ರಚನಾಗ ಹೇಳಬ್ಯಾಡ್ರಿ. ಕೈ ಮುಗಿತೀನಿ."

"ಹೇಳ್ತೀನೋ ಬಿಡ್ತೀನೋ ನನಗ ಗೊತ್ತಿಲ್ಲ," ಎಂದು ಪವಿ ಚೀಲ ಎತ್ತಿಕೊಂಡು ಟ್ರಾಮಿನ ಕಡೆ ನಡೆದಳು. ಅವನು ಎಷ್ಟೋ ಹೆಜ್ಜೆ ಹಿಂದೆ ಬಂದು, ಅದೇ ಟ್ರಾಮಿನ ಇನ್ನೊಂದು ಬಾಗಿಲಲ್ಲಿ ಹತ್ತಿದ. ಇಬ್ಬರೂ ಎರಡು ತುದಿಗೆ ನಿಂತರು.

ಅವನಿಗೆ ಹಾಗೆ ಹೇಳಿದ್ದು ಆಟವಾಡಿಸಲು ಅಲ್ಲ, ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಹೇಳಿದರೆ ಏಳು ತಿಂಗಳ ಬಸುರಿಯ ಮುಂದೆ ಅವಳ ಸಂಸಾರವನ್ನು ಒಡೆದು ಹಾಕಿದಂತೆ. ನಾಳೆ ರಚನಾಳ ಸಿಟ್ಟು ಗಂಡನ ಮೇಲೇ ಇಳಿಯುತ್ತದೆಂದು ಏನು ಖಾತ್ರಿ? ನಿನ್ನಿಂದಲೇ ಆಯಿತು ಅಂದರೆ? ಬಿಟ್ಟರೆ ಇವನ ಗುಟ್ಟನ್ನು ಇವಳು ಹೊತ್ತುಕೊಂಡು ತಿರುಗಬೇಕು, ಇವನು ಮುಂದೆ ಕೂಸಿನ ತೊಟ್ಟಿಲಿಗೂ ಬರಬ್ಯಾಡ ಅನ್ನುತ್ತಾನೆ, ಜವಳಕ್ಕೂ ಬರಬ್ಯಾಡ ಅನ್ನುತ್ತಾನೆ. ತಪ್ಪು ಮಾಡಿದವನು ಒಬ್ಬ, ಬಾಯಿ ಕಟ್ಟಿಸಿಕೊಂಡವಳು ಇನ್ನೊಬ್ಬಳು. ಪವಿಗೆ ಟ್ರಾಮಿನ ಕಂಬಕ್ಕೇ ಒದೆಯಬೇಕು ಅನ್ನಿಸಿತು.

* * *

ಚರ್ಚಿನವರ ಸಭಾಭವನವನ್ನು ಬಾಡಿಗೆಗೆ ಹಿಡಿದಿದ್ದರು. ಗೋಡೆಗೆ ಬಾಳೆ ಎಲೆಯ ಚಿತ್ರವಿರುವ ಬಟ್ಟೆ ಕಟ್ಟಿ, ಎರಡು ಕುರ್ಚಿಗೆ ಜರಿ ಸೀರೆ ಹೊದಿಸಿದ್ದರು. ಬೆಂಕಿ ಹಚ್ಚುವಂತಿಲ್ಲ ಎಂದು ಬ್ಯಾಟರಿಯ ದೀಪಗಳು. ಬಳಗದ ಹೆಂಗಸರು ಪವಿಯನ್ನು ಕಂಡು ಮಾತು ನಿಲ್ಲಿಸಿದರು, ಮತ್ತೆ ಮಾತು ಶುರುಮಾಡಿದರು, ಆದರೆ ಬೇರೆ ಮಾತು. ಅವರಲ್ಲಿ ಜಯಾ ಎಂಬಾಕೆ, ಕಾರ್ಯಕ್ರಮದ ಓಡಾಟವೆಲ್ಲ ಅವಳದೇ, ನಗುನಗುತ್ತ 'ಬರ್ರಿ ಬರ್ರಿ' ಎಂದು ಹತ್ತಿರ ಬಂದಳು.

"ರಚನಾನ ಪುಣ್ಯಾ ನೋಡ್ರಿ, ನೀವು ಬಂದ್ರಿ. ನಿಮ್ಮಂಥವರ ಹರಕಿ ಭಾಳ ಲಗೂನ ಹತ್ತತೈತಿ ಅಂತಾರ. ಜೋಗಮ್ಮಗೋಳು ಬಂದ್ರ ನಮ್ಮ ಅಜ್ಜಿ ಮೊದಲ ತಲಿ ಮ್ಯಾಲೆ ಕೈ ಇಡಿಸ್ತಿದ್ಲು. ನನ್ನ ಮಗಳಿಗೂ ಒಂದಿಷ್ಟ ಹರಸಿಬಿಡ್ರಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ನಾ ಹರಸಾಕ ಬಂದಿಲ್ರಿ," ಎಂದಳು ಪವಿ. "ಚಿಪ್ ಫ್ಯಾಕ್ಟರಿಯಾಗ ಕೆಲಸ ಮಾಡಾಕಿ ನಾನು. ಉಡಿ ತುಂಬಾಕ ಬಂದೀನಿ. ನಾ ರಚನಾನ ಅಕ್ಕ."

ಜಯಾ "ಅಯ್ಯ, ಹಂಗಲ್ರಿ" ಎಂದು ಏನೋ ಹೇಳಹೊರಟಳು. ಅಷ್ಟರಲ್ಲಿ ಸಂತೋಷಕುಮಾರನ ತಾಯಿ ನೀಲವ್ವ ಬಂದಳು. ಊರಿಂದ ಬಂದು ತಿಂಗಳಾಗಿದ್ದ ಮುದುಕಿ, ಇಳಕಲ್ ಸೀರೆಯ ಮೇಲೆ ದಪ್ಪ ಸ್ವೆಟರು. ಪವಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಕದ್ದು ಅಲ್ಲ, ಎದುರೆದುರೇ.

"ನೀನ ಏನವಾ ಹಿರೇಕಿ?"

"ಹೌದ್ರಿ."

"ಬುತ್ತಿ ತಂದಿಯೇನು?"

ಪವಿ ಡಬ್ಬದ ಮುಚ್ಚಳ ತೆಗೆದಳು. ನೀಲವ್ವ ಮೇಲಿನ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಅಂಚು ಮುರಿದು ಬಾಯಿಗೆ ಹಾಕಿಕೊಂಡಳು. ಕುರುಕುರು ಎಂದಿತು. "ಯವ್ವಾ, ಎಷ್ಟ್ ತೆಳ್ಳಗ ಬಡದೀಯ! ಈ ದೇಶಕ್ಕ ಬಂದಾಗಿಂದ ಇಂಥಾ ರೊಟ್ಟಿ ಹಲ್ಲಿಗೆ ಹತ್ತಿದ್ದಿಲ್ಲ. ಏ ಸಂತ್ಯಾ! ಬಾರೋ ಇಲ್ಲೆ, ತಿಂದ್ ನೋಡು. ರೊಟ್ಟಿ ಅಂದ್ರ ಪ್ರಾಣ ಬಿಡ್ತೀಯಲ್ಲೊ."

"ಆಮ್ಯಾಲೆ ತಿಂತೀನವ್ವ," ಎಂದ ಸಂತೋಷಕುಮಾರ ದೂರದಿಂದ, ಕುರ್ಚಿಗಳನ್ನು ಸುಮ್ಮನೆ ಅತ್ತಿತ್ತ ಸರಿಸುತ್ತ.

ಬಟ್ಟೆ ಉಡುವ ಕೋಣೆಯಲ್ಲಿ ಅಕ್ಕ ತಂಗಿ ಇಬ್ಬರೇ ಆದರು. ರಚನಾ ತುಂಬಿಕೊಂಡಿದ್ದಳು, ಕೆನ್ನೆ ಊದಿದ್ದವು. ಪವಿ ನೆಲಕ್ಕೆ ಕುಳಿತು ಹಸಿರು ಸೀರೆಯ ನೆರಿಗೆ ಹಿಡಿಯತೊಡಗಿದಳು.

"ಇವರು ನಿನ್ನ ಕರಿಯಾಕ ಸ್ಟೇಷನ್‌ಗೆ ಬಂದಿದ್ರಂತಲ್ಲ?"

"ಹೂಂ."

"ನೀ ಬರಂಗಿಲ್ಲ, ಬರಂಗಿಲ್ಲ ಅಂತ ವಾರದಿಂದ ಹೇಳಾಕತ್ತಾರ. ಬರಲಾರದಾಕಿನ್ನ ಕರಿಯಾಕ ಯಾಕ ಹೋದ್ರು?"

ಪವಿ ನೆರಿಗೆ ಎಣಿಸಿದಳು. ತಪ್ಪಿತು, ಬಿಚ್ಚಿ ಮತ್ತೆ ಹಿಡಿದಳು. ತಲೆ ಎತ್ತದೆ ಕೇಳಿದಳು: "ನನ್ನ ವಿಡಿಯೋ ವಿಷಯ ನೀ ಅವರಿಗೆ ಹೇಳಿದ್ಯಾ?"

"ನನ್ನ ಹೊಟ್ಟ್ಯಾಗಿನ ಕೂಸಿನ ಆಣಿ, ಹೇಳಿಲ್ಲ. ನೀ ನಂಬಿ ನನಗೊಬ್ಬಾಕಿಗೆ ಹೇಳಿದ್ದು, ನಾ ಯಾಕ ಹೇಳ್ಲಿ? ಯಾಕ, ಅವರಿಗೆ ಗೊತ್ತಾಗೇತೇನು?" ರಚನಾ ತಡೆದಳು. "ಹೆಂಗ್ ಗೊತ್ತಾತು?"

ಹೊರಗೆ ಯಾರೋ ಮೈಕು ಕುಟ್ಟಿ ನೋಡುತ್ತಿದ್ದರು. ಮಕ್ಕಳು ಜರ್ಮನ್‌ನಲ್ಲಿ ಕಿರುಚುತ್ತ ಓಡಾಡುತ್ತಿದ್ದವು. ಹೇಳಿಬಿಡಬೇಕು ಎಂದು ಪವಿ ತಲೆ ಎತ್ತಿದಳು, ಆದರೆ ಕಣ್ಣೆದುರಿಗೆ ಆ ಉಬ್ಬಿದ ಹೊಟ್ಟೆ ಇತ್ತು. ಮತ್ತೆ ನೆರಿಗೆಗೆ ಬಗ್ಗಿದಳು.

"ಆವತ್ತ ನೀ ರೊಟ್ಟಿ ಬಡಿಯೂ ಮುಂದ ಅವರು ಬಾಗಲದಾಗ ನಿಂತಿದ್ರು," ಎಂದಳು ರಚನಾ, ನಿಧಾನವಾಗಿ, ತನಗೇ ಹೇಳಿಕೊಳ್ಳುವವಳ ಹಾಗೆ. "ನೀ ಬೆನ್ನ ಮಾಡಿದ್ದಿ. ನಾ ಅವರ ಮಾರಿ ನೋಡಿದ್ದೆ. ಹೇಸಿಗಿಪಟ್ಟ ಮಾರಿ ಅಲ್ಲಕ್ಕಾ ಅದು. ಸಿಕ್ಕಿಬಿದ್ದವರ ಮಾರಿ."

"ರಚನಾ..."

"ಸುಮ್ನಿರು. ನೀ ಒಂದೂ ಮಾತಾಡಬ್ಯಾಡ." ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ನಿನಗ ಬರಬ್ಯಾಡ ಅಂದ್ರೇನು? ಅವರು?"

ಪವಿ ಹೌದೆಂದು ತಲೆ ಆಡಿಸಿದಳು.

"ಆತು. ನೆರಿಗಿ ಚಂದಂಗ ಹಿಡಿ. ಎಲ್ಲಾರೂ ನೋಡ್ತಾರ."

* * *

ಉಡಿ ತುಂಬುವ ಹೊತ್ತಿಗೆ ನೀಲವ್ವ ನಡುವೆ ನಿಂತು ಕೂಗಿದಳು: "ತವರವರು ಯಾರು ಬಂದೀರಿ, ಮುಂದ ಬರ್ರಿ."

ಪವಿ ಹೋಗಿ ತಂಗಿಯ ಎದುರಿಗೆ ನಿಂತಳು. ಅರಿಶಿನ ಹಚ್ಚಿದಳು, ಕುಂಕುಮವಿಟ್ಟಳು. ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ, ಒಂದೊಂದಾಗಿ ಹಸಿರು ಸೆರಗಿಗೆ ಹಾಕಿದಳು. ಅವ್ವ ಇದ್ದಿದ್ದರೆ ಎಂದು ಒಂದು ಕ್ಷಣ ಅನ್ನಿಸಿ ಕಣ್ಣು ಮಂಜಾಯಿತು. ಸಂತೋಷಕುಮಾರ ಪಕ್ಕದ ಕುರ್ಚಿಯಲ್ಲಿ ಕುಳಿತು ಬ್ಯಾಟರಿ ದೀಪವನ್ನೇ ದಿಟ್ಟಿಸುತ್ತಿದ್ದ. ಪದ್ಧತಿಯಂತೆ ಅಳಿಯನಿಗೂ ಆಯೇರಿಯ ಉಡುಗೊರೆ ಆಗಬೇಕು. ಪವಿ ತಂದಿದ್ದ ಬಿಳಿ ಶಲ್ಯವನ್ನು ಮಡಿಕೆ ಬಿಚ್ಚದೆ ಅವನ ಹೆಗಲಿಗೆ ಹಾಕಿದಳು. ಹೆಗಲು ಕಟ್ಟಿಗೆಯಾಗಿತ್ತು.

"ಮುಗೀತಲ್ಲ, ಆರತಿ ಮಾಡ್ರಿ," ಎಂದು ಅವನು ಏಳಹೋದ.

"ಎಲ್ಲಿ ಮುಗೀತು?" ಎಂದಳು ರಚನಾ. ಮೈಕು ಇಲ್ಲದೆಯೂ ಹಿಂದಿನ ಸಾಲಿನವರೆಗೆ ಕೇಳಿಸಿತು. "ತವರವರ ಕಾಲಿಗೆ ಬೀಳೂದಿಲ್ಲೇನ್ರಿ? ನಂಗಂತೂ ಬಗ್ಗಾಕ ಬರಂಗಿಲ್ಲ. ನನ್ನ ಪಾಲಿಂದೂ ನೀವ ಬಿದ್ದಬಿಡ್ರಿ. ಅಕ್ಕನ ಕಾಲಿಗೆ."

ಅವನು ಹೆಂಡತಿಯ ಮೋರೆ ನೋಡಿದ. ಅಲ್ಲಿ ಏನು ಕಂಡಿತೋ, ಮತ್ತೆ ನೋಡಲಿಲ್ಲ. ಹಿಂದೆ ಗುಸುಗುಸು ಎದ್ದಿತು. ಇಂಥವಳ ಕಾಲಿಗೆ ಬೀಳಲು ಪಾಪ ಗಂಡಸಿಗೆ ಎಷ್ಟು ಕಷ್ಟ ನೋಡು ಎಂದುಕೊಂಡರು ಜನ.

"ಬೀಳೋ ಸಂತ್ಯಾ. ಏನ್ ದೊಡ್ಡಸ್ತನ ನಿಂದು?" ಎಂದಳು ನೀಲವ್ವ. "ಹಿರೇಕಿ ಅಂದಮ್ಯಾಲೆ ಹಿರೇಕಿ."

ಸಂತೋಷಕುಮಾರ ಬಗ್ಗಿದ. ಮಂಡಿಯೂರಿ, ಎರಡೂ ಕೈ ಚಾಚಿ ಪವಿಯ ಪಾದ ಮುಟ್ಟಿದ. ಬೆರಳು ತಣ್ಣಗಿದ್ದವು. "ಅಕ್ಕಾರ," ಎಂದ, ಅವಳಿಗೆ ಮಾತ್ರ ಕೇಳುವಷ್ಟು.

ಬಿದ್ದವರು ಅಕ್ಷತೆ ಬೀಳುವವರೆಗೆ, ಹಿರಿಯರು 'ಏಳಪಾ' ಅನ್ನುವವರೆಗೆ ಏಳಬಾರದು ಎನ್ನುವುದು ಅವರ ಕಡೆಯ ವಾಡಿಕೆ. ಪವಿಯ ಮುಷ್ಟಿಯಲ್ಲಿ ಅಕ್ಷತೆ ಇತ್ತು. ಎಲ್ಲರೂ ಅವಳ ಕೈ ನೋಡುತ್ತಿದ್ದರು. ಅವಳು ಕೈ ಎತ್ತಲಿಲ್ಲ, ಬಾಯಿ ತೆರೆಯಲಿಲ್ಲ. ಒಬ್ಬರು ಕೆಮ್ಮಿದರು. ಜಯಾಳ ಆರತಿಯ ತಟ್ಟೆ ಗಾಳಿಯಲ್ಲೇ ನಿಂತಿತ್ತು.

"ಏಳು ಅನ್ನವಾ," ಎಂದು ನೀಲವ್ವ ನಕ್ಕಳು. "ನನ್ನ ಮಗನ ನಡಾ ಹಿಡಕೊಂಡೀತು."

"ಇರ್ಲಿ ಬಿಡ್ರಿ ಅತ್ತಿ," ಎಂದಳು ರಚನಾ, ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಅಂಥಾ ಅವಸರೇನೈತಿ."

ಅವನ ಹೆಗಲ ಮೇಲಿನ ಶಲ್ಯ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.